ಮೊಣಕಾಲಿಗೆ ಕೊಟ್ಟ ಸ್ವರಗಳು

ನನ್ನ ಗಿಟಾರಿಗೆ ಮೂರು ಮೊಣಕಾಲು ಲಿವರ್‌ಗಳಿದ್ದವು. ಮೂರನ್ನೂ ಆಸೆಪಟ್ಟು ಹಾಕಿಸಿಕೊಂಡವನೂ ನಾನೇ, ಒಂದೊಂದಾಗಿ ಬಿಚ್ಚಿಸಿದವನೂ ನಾನೇ. ಯಾವ ಸ್ವರವನ್ನು ಮೊದಲು ಬಿಡಲಿ, ಯಾವುದನ್ನು ಕೊನೆಯವರೆಗೆ ಇಟ್ಟುಕೊಳ್ಳಲಿ ಎಂದು ಲೆಕ್ಕ ಹಾಕುತ್ತ ಕೂತಿದ್ದ ಆ ಕಾಲದಷ್ಟು ಕೆಟ್ಟ ಕಾಲ ನನ್ನ ಬದುಕಿನಲ್ಲಿ ಮತ್ತೊಂದಿಲ್ಲ.

ನಾನು ಮುಳಬಾಗಿಲು ತಾಲ್ಲೂಕಿನಲ್ಲಿ, ಬೈರಕೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದೆ. ನಮ್ಮ ಮನೆಯಲ್ಲಿ ರಾಗಿ, ಹಿಪ್ಪುನೇರಳೆ ಬಿಟ್ಟರೆ ಬೇರೆ ಮಾತಿರಲಿಲ್ಲ. ತರಬೇತಿಗೆಂದು ಕೋಲಾರದಲ್ಲಿದ್ದಾಗ ರೇಡಿಯೋದಲ್ಲಿ ಹವಾಯಿಯನ್ ಗಿಟಾರ್ ಕೇಳಿ ಕೆಟ್ಟೆ. ಅಡ್ಡಲಾಗಿ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುವ ವಾದ್ಯ ಅದು. ಎಪ್ಪತ್ತರ ದಶಕದಲ್ಲಿ ಸ್ವಲ್ಪ ಅನುಕೂಲಸ್ಥರ ಮದುವೆಯೆಂದರೆ ಸಂಜೆಗೆ ಆರ್ಕೆಸ್ಟ್ರಾ ಇರಬೇಕು, ಆರ್ಕೆಸ್ಟ್ರಾ ಎಂದರೆ ಈ ಗಿಟಾರ್ ಇರಬೇಕು. ರಜೆಯ ದಿನಗಳಲ್ಲಿ ಮಾಲೂರು, ಶ್ರೀನಿವಾಸಪುರದ ಛತ್ರಗಳಲ್ಲಿ ನುಡಿಸುತ್ತಿದ್ದೆ. ಶಾಲೆಯಲ್ಲಿ ನಾನು ಸಿಡುಕ, ಮನೆಯಲ್ಲೂ ಸಿಡುಕ. ಗಿಟಾರ್ ಮುಂದೆ ಕೂತಾಗ ಮಾತ್ರ ಮನುಷ್ಯನಾಗುತ್ತೇನೆ ಎಂಬುದು ನನ್ನ ಹೆಂಡತಿಯ ಮಾತು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆ ಗಿಟಾರಿಗೊಂದು ಐಬಿತ್ತು. ಆರು ತಂತಿಗಳನ್ನು ಸ ಪ ಸ ಗ ಪ ಸ ಎಂದು ಶ್ರುತಿ ಮಾಡಿದರೆ, ಉಕ್ಕು ಎಲ್ಲಿಗೆ ಜಾರಿದರೂ ಆರೂ ಒಟ್ಟಿಗೇ ಜಾರುತ್ತವೆ. ದುಃಖದ ಹಾಡಿಗೆ ಅರ್ಧ ಸ್ವರ ಕೆಳಗಿನ ಚಿಕ್ಕ ಗಾಂಧಾರ ಬೇಕು. ಇಲ್ಲಿ ದೊಡ್ಡ ಗಾಂಧಾರ ಸಾವಿನ ಮನೆಗೆ ಬಂದು ತಮಾಷೆ ಮಾಡುವವನ ಹಾಗೆ ನಡುವೆ ಕೂತಿರುತ್ತದೆ. ಆ ತಂತಿಯನ್ನು ಮುಟ್ಟದೆ ತಪ್ಪಿಸಿಕೊಂಡು ತಪ್ಪಿಸಿಕೊಂಡು ನನಗೆ ಸಾಕಾಗಿ ಹೋಗಿತ್ತು.

ಇದಕ್ಕೊಂದು ದಾರಿಯಿದೆ ಎಂದು ಹೇಳಿದವರು ಒಬ್ಬ ಮುದುಕರು. ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದು, ರಿಟೈರಾದ ಮೇಲೆ ಮುಳಬಾಗಿಲಿನಲ್ಲಿ ಮಗಳ ಮನೆಗೆ ಬಂದಿದ್ದರು. ಅವರ ಬಳಿ ಒಂದು ಇಂಗ್ಲಿಷ್ ರೆಕಾರ್ಡಿನ ಹಳೇ ಕವರಿತ್ತು. ಅದರ ಹಿಂಬದಿಯಲ್ಲಿ ನಾಲ್ಕು ಕಾಲಿನ ಮೇಜಿನಂಥ ಗಿಟಾರಿನ ಚಿತ್ರ. ಪಾದದಿಂದ ತುಳಿಯಲು ಪೆಡಲ್, ಮೊಣಕಾಲಿನಿಂದ ತಳ್ಳಲು ಲಿವರ್. ಒಂದೊಂದು ಲಿವರ್ ಒಂದೊಂದು ತಂತಿಯನ್ನು ಮಾತ್ರ ಬಿಗಿಯುತ್ತದೆ ಇಲ್ಲವೇ ಸಡಿಲಿಸುತ್ತದೆ, ಉಳಿದವು ಕದಲುವುದಿಲ್ಲ.

"ಪೆಡಲ್ಲು ಕಷ್ಟ ಮೇಷ್ಟ್ರೇ, ಮೊಣಕಾಲಿಂದು ಬೇಕಾದ್ರೆ ಮಾಡ್ಕೊಡ್ತೀನಿ. ಸೈಕಲ್ ಬ್ರೇಕಿನ ಕಂಬಿ, ನಾಲ್ಕು ಸ್ಪ್ರಿಂಗು ಸಾಕು. ಯಾವ ತಂತಿ ಏರ್ಬೇಕು, ಯಾವುದು ಇಳೀಬೇಕು, ಅದು ಮಾತ್ರ ನೀವ್ ಹೇಳ್ಬೇಕು" ಎಂದರು.

ಅದನ್ನು ಹೇಳಲು ನಾನು ಒಂದು ಬೇಸಿಗೆ ರಜೆ ಪೂರ್ತಿ ತೆಗೆದುಕೊಂಡೆ. ಬಲಪಾದ ಧ್ವನಿ ಹೆಚ್ಚುಕಮ್ಮಿ ಮಾಡುವ ಪೆಡಲಿನ ಮೇಲಿರಬೇಕು. ಉಳಿದದ್ದು ಎಡಮೊಣಕಾಲನ್ನು ಹೊರಗೆ ತಳ್ಳುವುದು, ಅದನ್ನೇ ಮೇಲಕ್ಕೆತ್ತುವುದು, ಬಲಮೊಣಕಾಲನ್ನು ಪಕ್ಕಕ್ಕೆ ಸರಿಸುವುದು. ಮೂರು ಚಲನೆ, ಮೂರು ಸ್ವರ. ಊಟಕ್ಕೆ ಕೂತಾಗಲೂ ಚಾಪೆಯ ಮೇಲೆ ಮೊಣಕಾಲು ಆಡಿಸುತ್ತಿದ್ದೆ. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ" ಎಂದು ಹೆಂಡತಿ ತಟ್ಟೆಗೆ ಮುದ್ದೆ ಇಡುತ್ತ ಅಣಕಿಸುತ್ತಿದ್ದಳು. ಕೊನೆಗೆ ಎಡಕ್ಕೆ ತಳ್ಳಿದರೆ ಗಾಂಧಾರ ಅರ್ಧ ಸ್ವರ ಇಳಿಯುವಂತೆ, ಮೇಲೆತ್ತಿದರೆ ಪಂಚಮ ಧೈವತಕ್ಕೆ ಏರುವಂತೆ, ಬಲಕ್ಕೆ ಸರಿಸಿದರೆ ಮೇಲಿನ ಷಡ್ಜ ನಿಷಾದಕ್ಕೆ ಇಳಿಯುವಂತೆ ಮಾಡಿಸಿದೆ.

ಮೊದಲ ಸಲ ಎಡಕ್ಕೆ ತಳ್ಳಿದ್ದು ಇನ್ನೂ ಕಿವಿಯಲ್ಲಿದೆ. ಪಂಚಮ ನಿಂತಲ್ಲೇ ನಿಂತಿತ್ತು, ಅದರ ಪಕ್ಕದಲ್ಲಿ ಗಾಂಧಾರ ಮೆಲ್ಲಗೆ ಕೆಳಗಿಳಿಯಿತು. ಅಂಗಳದಲ್ಲಿ ರೇಷ್ಮೆ ಹುಳುವಿನ ತಟ್ಟೆಗಳನ್ನು ತೊಳೆಯುತ್ತಿದ್ದ ಹೆಂಡತಿ ಕೈ ನಿಲ್ಲಿಸಿ, "ಇನ್ನೊಂದ್ ಸಲ ಮಾಡ್ರೀ" ಎಂದಳು. ಹತ್ತು ಸಲ ಮಾಡಿದೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ ಎಂದು ಹೇಳಿ ಬೈಸಿಕೊಂಡೆ.

ನಾಲ್ಕೈದು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಎಡಮೊಣಕಾಲು ಮೇಲೇಳಲು ತಕರಾರು ಮಾಡತೊಡಗಿತು. ಧೈವತ ಬರಬೇಕಾದಲ್ಲಿ ತಡವಾಗಿ ಬರುತ್ತಿತ್ತು. ಸ್ಪ್ರಿಂಗ್ ಗಡುಸಾಗಿದೆ ಎಂದುಕೊಂಡು ಫಿಟ್ಟರ ಬಳಿಗೆ ಹೋಗಿ ಸಡಿಲಿಸಿಕೊಂಡು ಬಂದೆ. ಮತ್ತೆ ಹೋದೆ, ಮತ್ತೆ ಸಡಿಲಿಸಿಕೊಂಡು ಬಂದೆ. "ಕುಣಿಲಾರ್ದೋಳು ನೆಲ ಡೊಂಕು ಅಂದ್ಳಂತೆ. ಲಿವರ್ ಮೇಲ್ಯಾಕ್ರೀ ಹಾಕ್ತೀರ, ನಿಮ್ ಕಾಲು ನೋಡ್ಕೊಳ್ಳಿ" ಎಂದು ಹೆಂಡತಿ ನಕ್ಕಳು. ನಕ್ಕವಳೇ ಆ ಸಂಜೆ ಎಳ್ಳೆಣ್ಣೆ ಬಿಸಿ ಮಾಡಿ ತಂದು ಮೊಣಕಾಲು ತಿಕ್ಕಿದಳು.

ಅವಳು ಹೇಳಿದ್ದೇ ನಿಜವಾಗಿತ್ತು. ಕುಕ್ಕರುಗಾಲಿನಲ್ಲಿ ಕೂರಲು ಆಗುತ್ತಿರಲಿಲ್ಲ. ಹುಡುಗರು ಹಿಂದಿನಿಂದ ಕರೆದರೆ ಕುತ್ತಿಗೆ ತಿರುಗದೆ ಇಡೀ ಮೈ ತಿರುಗಿಸುತ್ತಿದ್ದೆ. ಎಲ್ಲರೂ ವಾತ ಎಂದರು. ದೇವರಾಯಸಮುದ್ರದಲ್ಲಿ ನಾಟಿ ಔಷಧಿ ಕೊಡುತ್ತಿದ್ದ ಅಜ್ಜ ಒಬ್ಬರು, ನೀರನ್ನು ಅರ್ಧಕ್ಕಿಳಿಯುವಷ್ಟು ಕಾಯಿಸಿ, ಜೀರಿಗೆ ಹಾಕಿ, ಆದಷ್ಟೂ ಜಾಸ್ತಿ ಕುಡಿಯಲು ಹೇಳಿದರು. ನೀರು ಕಾಯಿಸಿ ಕುಡಿಯಿರಿ ಎಂಬುದು ನಾನೇ ವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಪಾಠ. ಅನುಮಾನ ಪಡುವುದಕ್ಕೆ ಏನಿತ್ತು? ಊರಿಗೆ ಬೋರ್‌ವೆಲ್ ಬಂದು ಬಹಳ ಕಾಲವಾಗಿತ್ತು. ತೆರೆದ ಬಾವಿಯ ನೀರು ದನಗಳಿಗೆ, ಬೋರಿನ ತಿಳಿನೀರು ಮನುಷ್ಯರಿಗೆ ಎಂದಾಗಿತ್ತು. ಹೆಂಡತಿ ಆ ತಿಳಿನೀರನ್ನೇ ದೊಡ್ಡ ಪಾತ್ರೆಯಲ್ಲಿ ಇಂಗಿಸಿ ನನಗೆ ಕೊಡುತ್ತಿದ್ದಳು. ಮಿಕ್ಕಿದ್ದನ್ನು, "ಇಷ್ಟ್ ಸೌದೆ ಉರ್ಸಿ ಕಾಯ್ಸಿರೋದು, ಚೆಲ್ಲೋಕಾಗುತ್ತಾ?" ಎಂದು ತಾನು ಕುಡಿಯುತ್ತಿದ್ದಳು.

ಆಗ ಶುರುವಾಯಿತು ನನ್ನ ಚೌಕಾಸಿ. ಮೇಲೆತ್ತುವ ಲಿವರ್ ಹೋಯಿತು, ಸರಿ. ಆದರೆ ಧೈವತ ಬಿಡಲಾರೆ. ಬಲಮೊಣಕಾಲಿನ ನಿಷಾದವನ್ನು ತೆಗೆದು ಅಲ್ಲಿಗೆ ಧೈವತ ಹಾಕಿಸಿದೆ. ಒಂದು ವರ್ಷದಲ್ಲಿ ಬಲಮೊಣಕಾಲೂ ಬಿಗಿಯಿತು. ಉಳಿದದ್ದು ಎಡಕ್ಕೆ ತಳ್ಳುವುದೊಂದೇ. ಅಲ್ಲಿ ಧೈವತ ಇಡುವುದೋ, ಗಾಂಧಾರ ಇಡುವುದೋ? ಧೈವತವಿದ್ದರೆ ಮದುವೆ ಮನೆಯ ಹಾಡುಗಳು ಮೆರೆಯುತ್ತವೆ, ಆರ್ಕೆಸ್ಟ್ರಾದವರು ನನ್ನನ್ನು ಇಟ್ಟುಕೊಂಡಾರು. ಗಾಂಧಾರ ನನ್ನ ಪ್ರಾಣ. ಫಿಟ್ಟರ ಜಗಲಿಯ ಮೇಲೆ ಕಾಲು ನೀಡಿಕೊಂಡು ಕೂತು, ಎರಡರಲ್ಲಿ ಯಾವುದು ಎಂದು ಹೇಳಲಾಗದೆ ಅತ್ತುಬಿಟ್ಟೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು, "ಇವತ್ತು ಬೇಡ, ಇನ್ನೊಂದಿನ ಬನ್ನಿ" ಎಂದು ಒಳಗೆ ಹೋದರು. ಮುಂದಿನ ವಾರ ಹೋಗಿ ಗಾಂಧಾರ ಎಂದೆ.

ಆರ್ಕೆಸ್ಟ್ರಾ ಹೇಗೂ ಹೋಯಿತು. ಶ್ರೀನಿವಾಸಪುರದ ಒಂದು ಮದುವೆಯಲ್ಲಿ ನನ್ನನ್ನು ಇಬ್ಬರು ಹಿಡಿದು ವೇದಿಕೆ ಹತ್ತಿಸಿದರು. ಮುಂದಿನ ಮದುವೆಗೆ ನನ್ನ ಜಾಗದಲ್ಲಿ ಕೀಬೋರ್ಡ್ ಇತ್ತು. ಮನೆಯಲ್ಲಿ ನುಡಿಸಿಕೊಳ್ಳೋಣವೆಂದರೆ ಎಡಮೊಣಕಾಲು ಕೂಡ ಕೊನೆಗೆ ಮರದ ಕೊರಡಾಯಿತು. ನಾನು ತಳ್ಳುತ್ತಿದ್ದೇನೆ ಎಂದು ನನ್ನ ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ.

ಕೋಲಾರದಲ್ಲಿ ಒಬ್ಬ ಮೂಳೆ ಡಾಕ್ಟರಿಗೆ ತೋರಿಸಿದ್ದು ಆಮೇಲೆ. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು. ಯಾವ ನೀರು ಕುಡಿಯುತ್ತೀರಿ ಎಂದು ಕೇಳಿದರು. ಆ ಭಾಗದ ಬೋರಿನ ನೀರಿನಲ್ಲಿ ಫ್ಲೋರೈಡ್ ಎಂಬುದು ಜಾಸ್ತಿಯಿದೆ, ಅದು ಮೂಳೆಗೆ ಹೋಗಿ ಕೂರುತ್ತದೆ, ಒಮ್ಮೆ ಬಿಗಿದ ಕೀಲನ್ನು ಮತ್ತೆ ಸಡಿಲ ಮಾಡುವ ಔಷಧಿ ತಮ್ಮ ಬಳಿ ಇಲ್ಲ ಎಂದರು. "ಕಾಯಿಸಿ ಕುಡಿಯುತ್ತಿದ್ದೆವಲ್ಲ ಡಾಕ್ಟ್ರೇ?" ಎಂದೆ. ಕಾಯಿಸಿದರೆ ಅದು ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ ಎಂದರು. ಪಕ್ಕದಲ್ಲಿದ್ದ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಸಿಟ್ಟು ಮಾಡಲು ಯಾರೂ ಇಲ್ಲದಿರುವಷ್ಟು ದೊಡ್ಡ ನರಕ ಇನ್ನೊಂದಿಲ್ಲ.

ಮರುದಿನದಿಂದ ಅವಳು ಹಳೇ ಬಾವಿಯ ನೀರು ಸೇದಿ ತರತೊಡಗಿದಳು. ನಾನು ಗಿಟಾರಿಗೆ ಬೆಡ್‌ಶೀಟು ಮುಚ್ಚಿ ಮೂಲೆಗೆ ಸೇರಿಸಿದೆ. ಮೂರು ತಿಂಗಳು ನಾನು ಬದುಕಿದ್ದೆ ಎಂದು ಹೇಳಲಾರೆ. ಕೊನೆಗೆ ಅವಳೇ ಬೆಡ್‌ಶೀಟು ಎಳೆದು, "ಎಡಕ್ಕೆ ತಳ್ಳೋದೊಂದೇ ತಾನೇ? ನಾನ್ ತಳ್ತೀನಿ, ನೀವ್ ನುಡ್ಸಿ" ಎಂದಳು.

ಫಿಟ್ಟರು ಆ ಲಿವರನ್ನು ಸ್ಟ್ಯಾಂಡಿನ ಹೊರಗಡೆಗೆ ಚಾಚಿ ಕೊಟ್ಟರು. ಅವಳು ನನ್ನ ಎಡಗಡೆ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದಳು. ಕೈ ಅವರೆಕಾಯಿ ಸುಲಿಯುತ್ತಿತ್ತು, ಮೊಣಕಾಲು ಲಿವರಿಗೆ ತಾಗಿರುತ್ತಿತ್ತು. ನಾನು "ಹೂಂ" ಎಂದಾಗ ತಳ್ಳಬೇಕು. ಮೊದಮೊದಲು ಹಾಡು ಮುಂದೆ ಹೋದ ಮೇಲೆ ಗಾಂಧಾರ ಇಳಿಯುತ್ತಿತ್ತು. ನಾನು ಕೂಗಾಡುತ್ತಿದ್ದೆ. ಅವಳು ಶ್ರೀನಿವಾಸಪುರದ ಕಡೆಯವಳು, ರೇಗಿದರೆ ತೆಲುಗಿಗೆ ಹೊರಳಿ ನನಗಿಂತ ಜೋರಾಗಿ ಬೈಯುತ್ತಿದ್ದಳು. ಬರುಬರುತ್ತ ಹೂಂ ಎನ್ನುವುದೇ ಬೇಡವಾಯಿತು. ನನ್ನ ಉಸಿರು ನೋಡಿಕೊಂಡು ತಳ್ಳುತ್ತಿದ್ದಳು. ನನ್ನ ಮೊಣಕಾಲಿಗಿಂತ ಅವಳದ್ದೇ ಮೃದುವಾಗಿ ಇಳಿಸುತ್ತಿತ್ತು. ಸುಮಾರು ಎರಡು ವರ್ಷ ಹೀಗೆ ನುಡಿಸಿದೆವು. ಕೇಳುವವರು ಯಾರೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಒಂದು ಸಂಜೆ ಗಾಂಧಾರ ಪೂರ್ತಿ ಇಳಿಯಲಿಲ್ಲ. ಅಲ್ಲೂ ಅಲ್ಲ ಇಲ್ಲೂ ಅಲ್ಲ ಎಂಬಂತೆ ನಡುವೆ ನಿಂತಿತು. ಇನ್ನೊಮ್ಮೆ ನುಡಿಸಿದೆ. ಈ ಸಲ ಜಾಗ ಬಿಟ್ಟು ಕದಲಲೇ ಇಲ್ಲ. ನನ್ನ ಹಳೇ ಸಿಡುಕು ನೆತ್ತಿಗೇರಿತು. "ಅವರೆಕಾಯಿ ಆಮೇಲ್ ಸುಲಿಯೋವಂತೆ, ಇಲ್ಲಿ ಗಮನ ಕೊಟ್ಟು ತಳ್ಳೇ" ಎಂದು ಕೂಗಿದೆ. ಅವಳ ಕೈಯಲ್ಲಿ ಅವರೆಕಾಯಿ ಇರಲಿಲ್ಲ. ಎರಡೂ ಕೈಯಲ್ಲಿ ತನ್ನ ಮೊಣಕಾಲನ್ನು ಹಿಡಿದುಕೊಂಡಿದ್ದಳು.

"ತಳ್ತಾನೇ ಇದೀನಿ ಕಣ್ರೀ" ಎಂದಳು.