ಕೀಲಿಕೈ ಇಲ್ಲದ ತಿಜೋರಿ

ಗಡಿಯಾಚೆ ತೆಲುಗು ಸೀಮೆಯ ಉಟ್ಕೂರ್ ಕಡೆಯ ನಮ್ಮೂರಿನಲ್ಲಿ ಲೈಸೆನ್ಸ್ ಇರುವ ಬಂದೂಕು ಒಂದೇ ಒಂದು. ಅದು ವೀರಬಸಮ್ಮನ ಹೆಸರಿನಲ್ಲಿದೆ. ಇದನ್ನು ಕೇಳಿ ಹುಬ್ಬೇರಿಸುವ ಗಂಡಸರಿಗೆ ನನ್ನದೊಂದೇ ಮಾತು: ಏರಿಸಿಕೊಳ್ಳಿ, ನಿಮ್ಮ ಹುಬ್ಬು, ನಮಗೇನು! ವೀರಬಸಮ್ಮ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ. ಭಾವ ತೀರಿಕೊಂಡಾಗ ಹೊಲದ ಜೊತೆ ಬಂದೂಕೂ ತನ್ನ ಹೆಸರಿಗೇ ಆಗಬೇಕೆಂದು ಹಟ ಹಿಡಿದು, ನಾರಾಯಣಪೇಟೆಯ ಕಚೇರಿಗೆ ಚಪ್ಪಲಿ ಸವೆಯುವಷ್ಟು ಅಲೆದು ಮಾಡಿಸಿಕೊಂಡಳು. ಶೇಂಗಾ ಬಲಿಯುವ ಕಾಲಕ್ಕೆ ಹಂದಿಗಳು ನುಗ್ಗಿದರೆ ಆಕಾಶಕ್ಕೊಂದು ಗುಂಡು ಹಾರಿಸಿ, "ಓಡ್ರಲೇ, ನಿಮ್ಮಪ್ಪ ಬಿತ್ತ್ಯಾನೇನು ಇಲ್ಲಿ?" ಎಂದು ಬೈಯುವವಳು ಆಕೆ.

ಆ ಬಂದೂಕಿನ ಮೇಲೆ ನನ್ನ ಗಂಡ ಗುರುಲಿಂಗನಿಗೆ ಮೊದಲಿನಿಂದಲೂ ಕಣ್ಣು. ಅದನ್ನು ಹೆಗಲಿಗೆ ಹಾಕಿಕೊಂಡು ಮಕ್ತಲ್ ಬಸ್ ಸ್ಟ್ಯಾಂಡಿನಲ್ಲಿ ಮೀಸೆ ತಿರುವಬೇಕೆಂಬ ಆಸೆ. ಹೋದ ವರ್ಷ ಒಂದು ಮಧ್ಯಾಹ್ನ, ಅಕ್ಕ ಸ್ನಾನಕ್ಕೆ ಹೋದಾಗ ಬೀರುವಿನ ಕೀಲಿಕೈ ಎಗರಿಸಿ, ಕುಡಿದ ಅಮಲಿನಲ್ಲೇ ಬಂದೂಕು ತೆಗೆದುಕೊಂಡು ಪಕ್ಕದ ನಮ್ಮ ಮನೆಗೆ ಬಂದ. ಅವತ್ತು ಪಲ್ಯಕ್ಕೆ ಉಪ್ಪು ಕಡಿಮೆಯಾಗಿತ್ತು. ಅಷ್ಟಕ್ಕೇ ನಳಿಗೆಯನ್ನು ನನ್ನ ಎದೆಗೆ ಇಟ್ಟ. ಒಳಗೆ ಗುಂಡು ಇರಲಿಲ್ಲವಂತೆ, ಆಮೇಲೆ ನಗುತ್ತಾ ಹೇಳಿದ. ನನಗೇನು ಗೊತ್ತಿತ್ತು? ಅಕ್ಕಾ ಎಂದು ಕಿರುಚಿಕೊಂಡೆ. ಥೂ, ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಒದ್ದೆ ಕೂದಲಲ್ಲೇ ಓಡಿಬಂದ ಅಕ್ಕ ಬಂದೂಕು ಕಿತ್ತುಕೊಂಡಳು. ಮರುದಿನ ತಾನೇ ಹೋಗಿ ಠಾಣೆಯಲ್ಲಿ ಇಟ್ಟು ಬಂದಳು. ಗಟ್ಟಿಯಾದ ತಿಜೋರಿ ತಂದ ಮೇಲೆ ವಾಪಸ್ ಒಯ್ಯಿರಿ ಎಂದರು ಅಲ್ಲಿ.

"ಬ್ಯಾಡ ಬಿಡಕ್ಕಾ, ಆ ಪೀಡಾ ಅಲ್ಲೇ ಇರ್ಲಿ," ಎಂದೆ ನಾನು.

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. "ಕುಡ್ಯಾವ ಅಂವ, ಬಂದೂಕ ಬಿಡಾಕಿ ನಾನೇನು? ಹಂದಿ ಬಂದ್ರ ನಿನ್ನ ಗಂಡ ಹೊಲದಾಗ ನಿಂತು ಬೊಗಳ್ತಾನೇನು, ಶಿವಗಂಗಾ?"

ತಿಜೋರಿ ನೋಡಲು ನಾವಿಬ್ಬರೂ ನಾರಾಯಣಪೇಟೆಗೆ ಹೊರಟರೆ, ಕರೆಯದೆಯೇ ಗುರುಲಿಂಗನೂ ಬಸ್ ಹತ್ತಿದ. ಗಂಡಸರಿಲ್ಲದೆ ಇಂಥ ವ್ಯಾಪಾರ ಆಗುವುದಿಲ್ಲವಂತೆ. ನಾಚಿಕೆ ಎನ್ನುವುದು ಅವನ ಹತ್ತಿರ ಸುಳಿದಿದ್ದರೆ ತಾನೇ!

ಅಂಗಡಿಯ ಜಂಬಪ್ಪ ಮೊದಲು ಬೆರಳಿಟ್ಟರೆ ತೆರೆಯುವ ತಿಜೋರಿ ತೋರಿಸಿದ. ಅಕ್ಕ ಹೆಬ್ಬೆರಳಿಟ್ಟಳು, ಕೆಂಪು ದೀಪ. ಒರೆಸಿ ಇಟ್ಟಳು, ಮತ್ತೆ ಕೆಂಪು ದೀಪ. ಕಳೆ ಕಿತ್ತು ಕಿತ್ತು ಆಕೆಯ ಬೆರಳ ಗೆರೆಗಳು ಎಂದೋ ಸವೆದಿವೆ. "ನನ್ನ ಗುರುತು ಹಿಡಿಯದ ಪೆಟ್ಟಿಗಿ ನನಗ್ಯಾಕ? ಮುಂದಿಂದು ತೋರ್ಸು," ಎಂದಳು.

ಮುಂದಿನದು ನಂಬರ್ ಒತ್ತುವಂಥದ್ದು. ಒತ್ತಿದರೆ ಟಕ್ ಎಂದು ತೆರೆಯಿತು, ಅಕ್ಕನಿಗೂ ಹಿಡಿಸಿತು. ಅಷ್ಟರಲ್ಲಿ ಜಂಬಪ್ಪ ಸಣ್ಣದೊಂದು ಕೀಲಿಕೈ ತೆಗೆದು, "ಸೆಲ್ ಹೋದ್ರ ಚಿಂತಿಲ್ರಿ, ಇದರಿಂದ ತೆಗಿಬಹುದು. ಇದನ್ನ ಮನಿ ಹಿರೇರ ಹಂತ್ಯಾಕ ಇಡ್ರಿ," ಎಂದ. ಗುರುಲಿಂಗ ಆಗಲೇ ಕೈ ಚಾಚಿದ್ದ.

"ಕೊಡು, ನನ್ನ ಹಂತ್ಯಾಕ ಇರ್ಲಿ. ಅತ್ತಿಗಿ ಎಲ್ಲಿಯಾರ ಮರೀತಾಳ."

ಚಾಚಿದ ಆ ಕೈಯನ್ನು ಅಕ್ಕ ನೋಡಿದಳು. ನನ್ನ ಮುಖವನ್ನೂ ನೋಡಿದಳು.

"ಕೀಲಿಕೈನ ಇಲ್ಲದ್ದು ಐತೇನು?" ಎಂದು ಕೇಳಿದಳು.

ಮೂಲೆಯಲ್ಲೊಂದು ಇತ್ತು. ಗದ್ವಾಲಿನ ಯಾರೋ ಸಾಹುಕಾರರು ಮಾರಿದ್ದಂತೆ, ನಾಲ್ಕು ಜನ ಎತ್ತಬೇಕಾದಷ್ಟು ಭಾರ. ಬಾಗಿಲಿಗೆ ಅಂಕಿಗಳಿರುವ ದುಂಡನೆಯ ಚಕ್ರ. ಅತ್ತ ಇಷ್ಟು, ಇತ್ತ ಇಷ್ಟು ತಿರುಗಿಸಬೇಕು. ಸೆಲ್ಲಿಲ್ಲ, ದೀಪವಿಲ್ಲ, ಕೀಲಿಕೈಯ ತೂತೇ ಇಲ್ಲ.

"ಎಂದುಕಮ್ಮಾ ಪಾತದಿ?" ಎಂದು ಜಂಬಪ್ಪ ತೆಲುಗಿನಲ್ಲಿ ಗೊಣಗಿದ. "ಹಳೇದ್ಯಾಕ್ರಿ? ತಿರುವಿ ತೆಗಿಯೋದ್ರಾಗ ಹಂದಿ ಅರ್ಧ ಹೊಲ ಮೇಯ್ತಾವ. ಅಂಕಿ ಮರತ್ರಂತೂ ನನ್ನ ಕೈಲೂ ಆಗಂಗಿಲ್ರಿ. ಕೊರದ ತೆಗಿಬೇಕು."

"ಮೇಯ್ಲಿ ಬಿಡು. ಹಂದೀಗೆ ಎರಡು ಬಳ್ಳಿ ಹೆಚ್ಚಿಗಿ ಹೋದ್ರ ನಡೀತೈತಿ. ಇದೇ ಬೇಕು."

"ಮನಿತನದ ಬಂದೂಕ ಅದು! ನನಗ ತಿಳೀಲಾರದಂಗ ಹೆಂಗ ಇಡ್ತಿ?" ಎಂದು ಗುರುಲಿಂಗ ಅಂಗಡಿಯಲ್ಲೇ ಎಗರಾಡಿದ.

"ಹಿಂಗ," ಎಂದು ಅಕ್ಕ ಚಕ್ರವನ್ನೊಮ್ಮೆ ಗಿರ್ರನೆ ತಿರುಗಿಸಿದಳು. ನಾನು ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ.

ತಿಜೋರಿ ಮನೆಗೆ ಬಂತು, ಠಾಣೆಯಿಂದ ಬಂದೂಕು ಬಂದು ಒಳಗೆ ಹೋಯಿತು. ಸ್ವಲ್ಪ ದಿನಕ್ಕೆ ಹೊಲದಲ್ಲಿ ಕಳೆ ಕೀಳುವಾಗ ಅಕ್ಕ ನನ್ನ ಕಿವಿಗೆ ಬಾಯಿಟ್ಟು ಅಂಕಿಗಳನ್ನು ಹೇಳಿಬಿಟ್ಟಳು. ತನಗೇನಾದರೂ ಆದರೆ ಪೊಲೀಸರನ್ನು ಕರೆಸಿ, ಅವರ ಎದುರಿಗೇ ತೆರೆಯಬೇಕಂತೆ.

"ಯಾಕ ಹೇಳ್ದಿ ಅಕ್ಕಾ? ಅಂವ ಬಡದು ಕೇಳಿದ್ರ?"

"ಆ ಬೀಗ ಗಟ್ಟಿ ಐತಂತ ತಂದೆ. ನೀನೂ ಗಟ್ಟಿ ಇದ್ದಿ ಅಂತ ಹೇಳ್ದೆ," ಎಂದು ಆಕೆ ಮತ್ತೆ ಕಳೆಗೆ ಬಾಗಿದಳು.

ಮೊನ್ನೆ ಅವನು ಕೇಳಿಯೇ ಬಿಟ್ಟ. ನಾನು ರೊಟ್ಟಿ ಬಡಿಯುತ್ತಿದ್ದೆ. ಯಾರದೋ ಮೆರವಣಿಗೆಗೆ ಬಂದೂಕು ತರುತ್ತೇನೆಂದು ಗೆಳೆಯರಿಗೆ ಮಾತು ಕೊಟ್ಟು ಬಂದಿದ್ದ, ಬಾಯಿಯಿಂದ ಸಾರಾಯಿ ವಾಸನೆ.

"ನಂಬರ್ ನಿನಗ ಗೊತ್ತೈತೇನು?"

ಗೊತ್ತಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಇಷ್ಟು ವರ್ಷ ಹಾಗೆಯೇ ಮುಗಿಸಿಕೊಂಡು ಬಂದವಳು ನಾನು. ಉಪ್ಪು ಕಡಿಮೆಯಾದರೆ ನನ್ನದೇ ತಪ್ಪು, ಹೊಡೆತ ತಿಂದರೆ ಬಾಗಿಲು ಬಡಿಯಿತು ಎನ್ನುತ್ತಿದ್ದೆ. ಸಾಕಾಗಿತ್ತು ನನಗೆ.

"ಗೊತ್ತೈತ್ರಿ," ಎಂದೆ.

ಅವನ ಮುಖ ಅರಳಿತು. "ಹೇಳು ಮತ್ತ!"

"ಹೇಳಂಗಿಲ್ಲ."

ಕೈ ಎತ್ತಿದ. ನಾನು ಎದ್ದು ಅವನ ಎದುರಿಗೇ ನಿಂತೆ.

"ಏನಂದಿ? ರೀ ಎಲ್ಲಿ ಹೋತು ನಿಂದು?"

"ಹೇಳಂಗಿಲ್ಲೋ," ಎಂದೆ.