ಬಿಯರ್ ಎತ್ತಿದ ತೋಳು

ಫ್ಲೆಕ್ಸ್ ಬರೋಕೆ ಮುಂಚೆ ವಿಜಯನಗರದ ಬಾರುಗಳ ಗೋಡೆ ಮೇಲೆ ಬಿಯರ್ ಮಗ್ ಎತ್ತಿದ ಗಂಡಸರನ್ನು ಬರೀತಿದ್ದವನು ನಮ್ಮ ಬೀದಿಯ ಪೇಂಟರಣ್ಣ. ಆಳು ಕಡ್ಡಿ. ಕುಡಿಯೋದು ಬರೀ ಬಾದಾಮಿ ಹಾಲು. "ಬಿಯರ್ ಅಂದ್ರೆ ತೋಳು ಸಾರ್" ಅಂತ ಬ್ರಷ್ಷನ್ನು ಕಿವಿಗೆ ಸಿಕ್ಕಿಸಿಕೊಂಡು ಎಲ್ಲರಿಗೂ ಹೇಳೋನು.

ಒಂದು ಸಲ ಅತ್ತಿಗುಪ್ಪೆಯ ಬಾರ್ ಓನರ್ ಚಿತ್ರ ನೋಡಿ ರೇಗಿದ.

"ಏನಯ್ಯಾ ಇದು? ಇಷ್ಟು ದೊಡ್ಡ ಮೀಸೆ ಗಂಡಸಿನ ಮುಂಗೈ ಮೇಲೆ ಹೆಂಗಸರ ರಂಗೋಲಿ ಹಚ್ಚೆ!"

ಪೇಂಟರಣ್ಣ ನಾಲಿಗೆ ಕಚ್ಚಿಕೊಂಡ. "ನೋಡ್ಕೊಂಡು ಬರೆದಿದ್ದು ಸಾರ್, ಹಚ್ಚೇನೂ ಬಂದ್ಬಿಟ್ಟಿದೆ. ತೋಳು ನನ್ನ ಹೆಂಡ್ತೀದು. ದಿನಾ ಮೂರನೇ ಮಹಡಿಗೆ ಎಂಟು ಬಿಂದಿಗೆ ನೀರು ಹೊರ್ತಾಳೆ. ನನ್ನ ತೋಳು ಬರೆದ್ರೆ ನಿಮ್ಮ ಬಾರಿಗೆ ಯಾರು ಬರ್ತಾರೆ?"

ಓನರ್ ನಕ್ಕುಬಿಟ್ಟ. ಹಚ್ಚೆ ಮೇಲೆ ದಪ್ಪನೆಯ ವಾಚು ಬಂತು, ತೋಳು ಹಾಗೇ ಉಳೀತು.

ಅದರ ಕೆಳಗೆ ಕೂತು ನಾವೆಷ್ಟು ಜನ ಗಂಡಸರು ಮೀಸೆ ತಿರುವಿದೆವೋ!