ನುಣ್ಣನೆ ಬಂಡೆಯೂ ಶಾಂತಕುಮಾರಿಯ ಉದ್ದ ಸೈಕಲ್ಲೂ

ಶಾಂತಕುಮಾರಿಯ ಸೈಕಲ್ಲು ನೋಡಿದ ಹೊಸಬರು ಮೊದಲು ನಗುತ್ತಾರೆ. ಹಿಂದಿನ ಚಕ್ರ ಮುಂದಿನದರ ಮೇಲೆ ಮುನಿಸಿಕೊಂಡು ದೂರ ಹೋಗಿ ಕೂತ ಹಾಗಿದೆ. ಮಡಕಶಿರಾದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಮಾರುತಿ ಹಳೇ ಸೈಕಲ್ಲೊಂದರ ಹಿಂಭಾಗ ಕತ್ತರಿಸಿ, ಪೈಪು ಸೇರಿಸಿ, ಒಂದು ಮೊಳ ಉದ್ದ ಮಾಡಿಕೊಟ್ಟ. ಉದ್ದದ ಕ್ಯಾರಿಯರ್ ಮೇಲೆ ಒಬ್ಬರು ಆರಾಮಾಗಿ ಕೂರಬಹುದು, ಎರಡು ಪಕ್ಕಕ್ಕೂ ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಬಹುದು. ನಮ್ಮೂರಿನಲ್ಲಿ ಇಂಥವು ನಾಲ್ಕಿವೆ. ಮಾಡಿಸಿದ್ದು ಸೊಪ್ಪು ಹೊರಲಿಕ್ಕೆ. ಪಂದ್ಯ ಹೇಗೆ ಶುರುವಾಯಿತೆಂದು ಕೇಳಬೇಡಿ. ನಾಲ್ಕು ಜನ ಒಂದೇ ದಾರಿಯಲ್ಲಿ ಒಟ್ಟಿಗೆ ಹೊರಟರೆ ಅದು ತಾನಾಗಿಯೇ ಹುಟ್ಟುತ್ತದೆ.

ರೇಷ್ಮೆಹುಳ ನಾಲ್ಕು ಸಲ ಮೇವು ಬಿಟ್ಟು ತಲೆಯೆತ್ತಿ ಅಲ್ಲಾಡದೆ ನಿಂತು ಪೊರೆ ಕಳಚುತ್ತದೆ. ಅದನ್ನು ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಬಿಟ್ಟು ಎದ್ದ ಹುಳಕ್ಕೆ ಬಕಾಸುರನ ಹಸಿವು. ಹಾಗಾಗಿ ಯಾರ ಮನೆಯಲ್ಲಿ ಹುಳ ಏಳುತ್ತದೋ ಅವರಿಗೆ ಆ ಬೆಳಿಗ್ಗೆ ನಾಲ್ಕೂ ಸೈಕಲ್ಲಿನವರು ಕೂಲಿಯಿಲ್ಲದೆ, ಮುಯ್ಯಿಗೆ ಸೊಪ್ಪು ತರುತ್ತಾರೆ. ಕೆರೆ ಹಿಂದಿನ ತೋಟದಿಂದ ರಸ್ತೆ ಬಿಟ್ಟು ಬದುಗಳ ಮೇಲೆ, ಜಾಲಿ ಸಂದಿಯಲ್ಲಿ, ಆಮೇಲೆ ನುಣ್ಣನೆ ಬಂಡೆಯ ಮೇಲೇರಿ ಆಚೆಗೆ ಇಳಿದರೆ ಊರು. ಮೊದಲು ಬಂದವರೇ ಗೆದ್ದರು ಅನ್ನುವಂತಿಲ್ಲ. ಸೊಪ್ಪು ಬಾಡಿದ್ದರೆ ಹುಳ ಮೂಸಿಯೂ ನೋಡದು. ಊರಿಗೆ ಹಿರಿಯಳಾದ ದೊಡ್ಡಕ್ಕ ನಾಲ್ವರ ಸೊಪ್ಪನ್ನೂ ಹುಳದ ತಟ್ಟೆಯ ನಾಲ್ಕು ಮೂಲೆಗೆ ಇಡುತ್ತಾಳೆ. ಹುಳ ಯಾವುದಕ್ಕೆ ಮೊದಲು ಹತ್ತುತ್ತದೋ ಅವರದು ಗೆಲುವು. ಗೆದ್ದವರಿಗೆ ಏನೂ ಸಿಗುವುದಿಲ್ಲ, ಆದರೂ ಒಂದು ವಾರ ಎದೆಯುಬ್ಬಿಸಿ ನಡೆಯುತ್ತಾರೆ. ಹೊರೆ ಜಾರದಂತೆ ಹಿಂದೆ ಒಬ್ಬರು ಕೂತು ಅಮುಕಿ ಹಿಡಿಯಬೇಕು. ನಾಲ್ವರಲ್ಲಿ ಒಬ್ಬನಾದ ಅಂಜಿಯ ಹಿಂದೆ ನಾನೂ ಒಮ್ಮೆ ಕೂತಿದ್ದೆ. ಆಮೇಲೆ ಎರಡು ದಿನ ನಿಂತೇ ಊಟ ಮಾಡಿದೆ.

ಶಾಂತಕುಮಾರಿ ಮಾತ್ರ ಯಾರನ್ನೂ ಹಿಂದೆ ಕೂರಿಸಿಕೊಳ್ಳುತ್ತಿರಲಿಲ್ಲ. ಹೊರೆಗೆ ಹಗ್ಗ ಬಿಗಿದು ಒಬ್ಬಳೇ ತುಳಿಯುವಳು. ಬದುವಿನ ಮೇಲೆ ಅವಳನ್ನು ಹಿಡಿಯುವವರಿಲ್ಲ. ಬಂಡೆಯ ನೆತ್ತಿಗೂ ಅವಳೇ ಮೊದಲು. ಅಲ್ಲಿ ಸುಮ್ಮನೆ ಇಳಿದು, ಹ್ಯಾಂಡಲ್ ಹಿಡಿದು, ಹೆಜ್ಜೆ ಹೆಜ್ಜೆಯಾಗಿ ನಡೆಸಿಕೊಂಡು ಕೆಳಗೆ ಬರುವಳು. ಉಳಿದ ಮೂವರೂ ಕೂಗುತ್ತ ಅವಳನ್ನು ದಾಟಿ ಹೋಗುವರು. ಒಂಬತ್ತು ವರ್ಷದಿಂದ ಹೀಗೆ.

ಸೈಕಲ್ಲು ಹೊಸದಾಗಿದ್ದಾಗ ಆರು ವರ್ಷದ ಮಗಳು ಸೌಮ್ಯಳನ್ನು ಹಿಂದೆ ಕೂರಿಸಿಕೊಂಡು ಅವಳು ಆ ಇಳಿಜಾರಿಗೆ ಬಿಟ್ಟಿದ್ದಳು. ಅರ್ಧಕ್ಕೆ ಬಂದಾಗ ಹಿಂದೆ ಭಾರವಿರಲಿಲ್ಲ. ತಿರುಗಿ ನೋಡಿದರೆ ಮಗು ಬಂಡೆಯ ಮೇಲೆ ಬಿದ್ದಿತ್ತು. ಮುರಿದ ಎಡಗೈ ಕೂಡಿಕೊಂಡಿತು, ಸ್ವಲ್ಪ ಸೊಟ್ಟಗೆ. ಮಗಳಿಗೆ ಜಡೆ ಹಾಕುವಾಗ ಆ ಕೈ ಕಂಡರೆ ಶಾಂತಕುಮಾರಿ ಜಡೆ ಅರ್ಧಕ್ಕೆ ಬಿಟ್ಟು ಎದ್ದುಹೋಗುತ್ತಾಳೆ. ಹೆತ್ತ ಮಗುವನ್ನು ಬೀಳಿಸಿದವಳು ನಾನು ಎಂದು ಅವಳು ನನ್ನ ಹೆಂಡತಿಯೆದುರು ಅತ್ತಿದ್ದಾಳೆ. ಅದೇ ಬಂಡೆ ಅವಳ ಕನಸಿಗೂ ಬರುತ್ತದಂತೆ. ಕನಸಿನಲ್ಲಿ ಬಂಡೆಗೆ ಬುಡವೇ ಇಲ್ಲ. ಸೈಕಲ್ಲು ಸದ್ದಿಲ್ಲದೆ ಇಳಿಯುತ್ತಲೇ ಇರುತ್ತದೆ. ಗಾಳಿಯಲ್ಲಿ ಸೊಪ್ಪಿನ ಹಸಿ ವಾಸನೆ, ಬೆನ್ನಿಗೆ ಮಗುವಿನ ಬಿಸಿಯುಸಿರು. ಇಷ್ಟು ಸುಖ ಬೇರೆ ಯಾವ ಕನಸಿನಲ್ಲೂ ಇಲ್ಲ ಅನ್ನುತ್ತಾಳೆ. ತಿರುಗಿ ನೋಡಬೇಕು ಅನ್ನಿಸಿದ ಕೂಡಲೇ ಎಚ್ಚರವಾಗುತ್ತದೆ.

ಈ ಕಾರ್ತಿಕದಲ್ಲಿ ಹುಳ ಎದ್ದದ್ದು ಶಾಂತಕುಮಾರಿಯ ಮನೆಯಲ್ಲೇ. ಬೆಳಕು ಇನ್ನೂ ಹಾಲಿನಂತಿತ್ತು, ಕೆರೆಯ ಮಂಜು ತೋಟದ ಸಾಲುಗಳಲ್ಲಿ ಮಲಗಿತ್ತು. ಅವಳು ಹಗ್ಗ ಬಿಗಿಯುತ್ತಿದ್ದಾಗ ಸೌಮ್ಯ ಬಂದು ಕ್ಯಾರಿಯರ್ ಮೇಲೆ ಕೂತೇಬಿಟ್ಟಳು. ಈಗ ಹತ್ತನೇ ಕ್ಲಾಸು, ತಾಯಿಗಿಂತ ಎರಡು ಬೆರಳು ಎತ್ತರ.

"ಇಳಿಯೇ."

"ನಾನ್ ಇಳಿಯಾಕಿಲ್ಲ. ಹೊರೆ ಹಿಡ್ಕಂತೀನಿ."

"ಬಂಡೆ ತಾವ ಇಳ್ಕಬೇಕು ಮತ್ತೆ. ತಳ್ಕೊಂಡ್ ಹೋಗಾಣ."

ಸೌಮ್ಯ ಎರಡೂ ಹೊರೆಗಳ ಮೇಲೆ ತೋಳು ಚಾಚಿದಳು. ಅಷ್ಟರಲ್ಲಿ ಅಂಜಿ "ಪದಾ ಪದಾ!" ಎಂದು ಅರಚಿ ಹೊರಟಿದ್ದ. ಅವಸರವಾದರೆ 'ನಡಿ ನಡಿ' ಅನ್ನಲಿಕ್ಕೂ ಅವನ ಬಾಯಿಗೆ ತೆಲುಗೇ ಬರುವುದು.

ನಾನು ಊರವರ ಜೊತೆ ಬಂಡೆಯ ಬುಡದಲ್ಲಿ ಕಾಯುತ್ತ ನಿಂತಿದ್ದೆ. ನೆತ್ತಿಯಲ್ಲಿ ನಡೆದದ್ದನ್ನು ಆಮೇಲೆ ಸೌಮ್ಯಳೇ ಹೇಳಿದಳು. ಎಂದಿನಂತೆ ಶಾಂತಕುಮಾರಿ ಮೊದಲು ತಲುಪಿ ಕಾಲೂರಿದಳು. ಕೆಳಗೆ ಮಂಜು, ಮಂಜಿನಲ್ಲಿ ತೇಲುವ ನಾಲ್ಕಾರು ಮನೆಗಳ ಮಾಳಿಗೆ.

"ಇಳಿ ಮಗಾ."

"ಅಮ್ಮ, ಅವತ್ತು ನೀನ್ ಬೀಳಿಸ್ಲಿಲ್ಲ ಕಣಮ್ಮ."

"ಏನಂದೆ?"

"ನಾನೇ ನೆಗದ್ಬಿಟ್ಟೆ. ಭಯ ಆಯ್ತು. ಹೇಳಿದ್ರೆ ಹೊಡೀತೀಯ ಅಂತ ಸುಮ್ಕಾದೆ. ಆಮೇಲೆ ನೀನ್ ಅಳೋದ್ ನೋಡಿ ಹೇಳಾಕೇ ಬಾಯಿ ಬರ್ಲಿಲ್ಲ."

ಅಂಜಿ ಪಕ್ಕದಲ್ಲೇ ಹಾದುಹೋದ. ಉಳಿದ ಇಬ್ಬರೂ ಹೋದರು. ಶಾಂತಕುಮಾರಿ ಅಳುತ್ತಾಳೆ, ಇಲ್ಲವೇ ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದಳಂತೆ ಸೌಮ್ಯ. ತಾಯಿಯ ಮುಖ ಕೆಂಪಗಾಯಿತು. ಅವಳು ಬ್ರೇಕು ಬಿಟ್ಟಳು.

ನಮಗೆ ಕೆಳಗೆ ಮೊದಲು ಕೇಳಿಸಿದ್ದು ಬೈಗುಳ. "ಒಂಬತ್ ವರ್ಷ ಕಣೇ! ಮನೆಹಾಳಿ! ಒಂಬತ್ ವರ್ಷ ನಿದ್ದೆ ಇಲ್ದಂಗ್ ಮಾಡ್ದಲ್ಲೇ!" ಆಮೇಲೆ ಮಂಜು ಸೀಳಿಕೊಂಡು ಆ ಉದ್ದದ ಸೈಕಲ್ಲು ಬಂತು. ಹ್ಯಾಂಡಲ್ ಒಂದಿಷ್ಟೂ ಅಲುಗಲಿಲ್ಲ. ಸೆರಗು ಹಾರುತ್ತಿತ್ತು, ಸೌಮ್ಯ ಎರಡೂ ತೋಳುಗಳಿಂದ ಹೊರೆಗಳನ್ನು ಅವುಚಿ ಕಣ್ಣು ಮುಚ್ಚಿದ್ದಳು. ನಮ್ಮ ಮುಂದೆ ದಾಟುವಾಗಲೂ ಬೈಯುತ್ತಲೇ ಇದ್ದಳು ಮಹಾತಾಯಿ. ಕೆನ್ನೆ ಮಾತ್ರ ಒದ್ದೆಯಾಗಿತ್ತು. ನಾನೂ ಪಂಚೆ ಎತ್ತಿಕಟ್ಟಿ ಹಿಂದೆ ಓಡಿದೆ, ಸುಳ್ಳು ಯಾಕೆ ಹೇಳಲಿ.

ಹುಳದ ಮನೆಯ ಅರೆಗತ್ತಲಲ್ಲಿ ದೊಡ್ಡಕ್ಕ ಸೊಪ್ಪು ಇಟ್ಟಳು. ಸ್ವಲ್ಪ ಹೊತ್ತಿನಲ್ಲಿ ಹುಳ ಮೇಯುವ ತಟ್ಟೆಗಳಿಂದ ಜಿಟಿಜಿಟಿ ಮಳೆಯಂಥ ಸದ್ದು ಎದ್ದಿತು. ಹುಳ ಮೊದಲು ಹತ್ತಿದ್ದು ಅಂಜಿಯ ಸೊಪ್ಪಿಗೆ. ಅವನು ಕುಣಿದ. ಶಾಂತಕುಮಾರಿ ಅಲ್ಲಿರಲೇ ಇಲ್ಲ. ಹೊರಗೆ ಖಾಲಿ ಸೈಕಲ್ಲನ್ನು ಬಂಡೆಯ ಕಡೆಗೆ ತಿರುಗಿಸಿ ನಿಂತಿದ್ದಳು.

"ಎಲ್ಲಿಗಮ್ಮ?" ಎಂದಳು ಸೌಮ್ಯ.

"ಬಂಡೆಗೆ. ಒಂಬತ್ ವರ್ಷದ್ದು ಒಂದೇ ಸಲಕ್ಕೆ ತೀರ್ತದಾ? ಬಾ, ತಳ್ಳು."